ಒತ್ತಡ ಬೇರೆ, ಬಿಸಿ ಬೇರೆ

ಮನೆಗೊಂದು ಎಸ್ಪ್ರೆಸೊ ಮಷಿನ್ ತಗೊಳ್ಳೋಣ ಅಂತ ಆನ್‌ಲೈನ್‌ನಲ್ಲಿ ಹುಡುಕೋಕೆ ಕೂತವರ ಕಣ್ಣಿಗೆ ಮೊದಲು ಬೀಳೋದು '15 ಬಾರ್' ಅನ್ನೋ ಅಂಕಿ. ಪಕ್ಕದ ಕಂಪನಿಯದು '20 ಬಾರ್'. ಮೊಬೈಲಿನ ಮೆಗಾಪಿಕ್ಸೆಲ್ ಥರ, ಜಾಸ್ತಿ ಇದ್ದಷ್ಟೂ ಒಳ್ಳೇದಿರಬೇಕು ಅನ್ನಿಸುತ್ತೆ. ಅದೇ ಪುಟದಲ್ಲಿ ಐದಾರು ಸಾವಿರದ್ದೂ ಇದೆ, ಲಕ್ಷ ದಾಟಿದ್ದೂ ಇದೆ. ಎರಡಕ್ಕೂ ಹೆಸರು ಮಾತ್ರ ಒಂದೇ.

ನಾನು ಕಾಫಿ ಬೆಳೆಯೋ ಮನೆಯವನು. ಸಕಲೇಶಪುರದ ಕಡೆ ನಮಗೆ ಸ್ವಲ್ಪ ರೊಬಸ್ಟಾ ತೋಟ ಇದೆ. ಹಾಗಾಗಿ ಇಂಥ ವಸ್ತುವಿನ ಬೆಲೆಯನ್ನ ರೂಪಾಯಿ ಜೊತೆಗೆ ಮೂಟೆ ಲೆಕ್ಕದಲ್ಲೂ ಎಣಿಸೋ ಚಾಳಿ ನನಗಿದೆ. ಐವತ್ತು ಕೆಜಿಯ ಮೂಟೆ. ಅಪ್ಪ ಎಷ್ಟು ಮೂಟೆ ಮಾರಿದರೆ ಈ ಮಷಿನ್ ಬರುತ್ತೆ ಅಂತ ಒಂದು ಸಲ ತಲೇಲಿ ಬಂದರೆ ಸಾಕು, 'ಬೈ ನೌ' ಒತ್ತೋ ಬೆರಳು ನಿಂತುಹೋಗುತ್ತೆ. ಅದಕ್ಕೇ, ಕೊಳ್ಳೋ ಮುಂಚೆ ಈ ಯಂತ್ರ ಎಲ್ಲಿಂದ ಬಂತು, ಯಾತಕ್ಕೆ ಹೀಗಾಯ್ತು ಅಂತ ಓದೋಕೆ ಶುರು ಮಾಡಿದೆ. ಓದ್ತಾ ಓದ್ತಾ ಒಂದು ವಿಷಯ ಹೊಳೀತು. ಅಂಗಡಿಯಲ್ಲಿ ಸಾಲಾಗಿ ಇಟ್ಟಿರೋ ಮಷಿನ್‌ಗಳೆಲ್ಲ ಒಂದೇ ಕಾಲದವಲ್ಲ. ಒಂದೊಂದೂ ಒಂದೊಂದು ಇಸವಿಗೆ ಬಂದು ನಿಂತುಬಿಟ್ಟಿದೆ.

1884ರಲ್ಲಿ ಇಟಲಿಯ ಟ್ಯೂರಿನ್‌ನಲ್ಲಿ ಆಂಜೆಲೊ ಮೊರಿಯೊಂಡೊ ಅನ್ನೋನು ಆವಿಯ ಬಲದಿಂದ ಕಾಫಿ ಇಳಿಸೋ ಯಂತ್ರಕ್ಕೆ ಪೇಟೆಂಟ್ ತಗೊಂಡ. ಅದೇ ವರ್ಷ ಅಲ್ಲಿ ನಡೆದ ದೊಡ್ಡ ವಸ್ತುಪ್ರದರ್ಶನದಲ್ಲಿ ಅದಕ್ಕೆ ಕಂಚಿನ ಪದಕವೂ ಬಂತು. ಆದರೆ ಅದು ಒಂದೇ ಸಲಕ್ಕೆ ತುಂಬಾ ಜನಕ್ಕಾಗುವಷ್ಟು ಕಾಫಿ ಮಾಡೋ ಯಂತ್ರ. ಕಪ್ಪಿಗೊಂದರಂತೆ ಮಾಡಿಕೊಡೋದು ಬಂದಿದ್ದು 1901ರಲ್ಲಿ, ಮಿಲಾನ್‌ನ ಲುಯಿಜಿ ಬೆಜ್ಜೆರಾನ ಪೇಟೆಂಟ್‌ನಿಂದ. ಇವತ್ತು ಕೆಫೆಯ ಹುಡುಗರು ಪುಡಿ ತುಂಬಿ ಮಷಿನ್‌ಗೆ ತಿರುಗಿಸಿ ಕೂರಿಸ್ತಾರಲ್ಲ, ಹಿಡಿ ಇರೋ ಫಿಲ್ಟರ್, ಅದು ಅವನ ಕಾಲದ್ದೇ. ಆ ಪೇಟೆಂಟಿನ ಹಕ್ಕನ್ನ ಡೆಸಿಡೇರಿಯೊ ಪವೋನಿ ಕೊಂಡುಕೊಂಡ. 1906ರ ಮಿಲಾನ್ ಪ್ರದರ್ಶನದಲ್ಲಿ ಜನ ಆ ಕಾಫಿಯ ರುಚಿ ನೋಡಿದರು.

ಎಸ್ಪ್ರೆಸೊ ಅನ್ನೋ ಪದಕ್ಕೆ 'ಕೇಳಿದವರಿಗೆ ಅಂತಲೇ, ಆಗಲೇ ಮಾಡಿದ್ದು' ಅನ್ನೋ ಅರ್ಥ ಇದೆ, 'ಹಿಂಡಿ ತೆಗೆದದ್ದು' ಅನ್ನೋದೂ ಇದೆ, ವೇಗದ ರೈಲಿನ ನೆನಪೂ ಇದೆ. 1922ರಲ್ಲಿ ಲಿಯೊನೆಟ್ಟೊ ಕಪಿಯೆಲ್ಲೊ ಬರೆದ ವಿಕ್ಟೋರಿಯಾ ಆರ್ಡುಯಿನೊ ಕಂಪನಿಯ ಜಾಹೀರಾತು ಚಿತ್ರ ಹುಡುಕಿ ನೋಡಿ. ಓಡೋ ರೈಲಿನಿಂದ ಒಬ್ಬ ಹೊರಗೆ ಬಗ್ಗಿ ಮಷಿನ್‌ನಿಂದ ಕಾಫಿ ಹಿಡ್ಕೊಳ್ತಿದ್ದಾನೆ. ಇಟಲಿಯ ಬಾರ್‌ಗಳಲ್ಲಿ ಈಗಲೂ ಎಷ್ಟೋ ಕಡೆ ನಿಂತು ಕುಡಿದರೆ ಒಂದು ರೇಟು, ಕೂತರೆ ಇನ್ನೊಂದು. ನಮ್ಮ ದರ್ಶಿನಿ ಕಂಡವರಿಗೆ ಇದನ್ನ ವಿವರಿಸಿ ಹೇಳಬೇಕಾಗಿಲ್ಲ.

ಬೆಜ್ಜೆರಾನ ಯಂತ್ರದ ಒಳಗೊಂದು ತೊಡಕಿತ್ತು. ನಮ್ಮ ಕೆಲಸದಲ್ಲಿ ಅದಕ್ಕೆ ಟೈಟ್ ಕಪ್ಲಿಂಗ್ ಅಂತೀವಿ. ನೀರನ್ನ ಪುಡಿಯ ಮೂಲಕ ತಳ್ಳೋಕೆ ಒತ್ತಡ ಬೇಕು. ಒತ್ತಡ ಬರೋದು ಆವಿಯಿಂದ. ಆವಿಯ ಒತ್ತಡ ಏರಬೇಕಾದರೆ ಮುಚ್ಚಿದ ಬಾಯ್ಲರಿನ ನೀರಿನ ಬಿಸಿಯೂ ಏರಲೇಬೇಕು. ಅಡುಗೆಮನೆಯ ಕುಕ್ಕರ್ ಇದೇ ತತ್ವದ್ದು. ಒಳಗೆ ಸುಮಾರು ಒಂದು ಬಾರ್ ಹೆಚ್ಚಿನ ಒತ್ತಡ, ನೀರು 120 ಡಿಗ್ರಿ ಆಸುಪಾಸು. ಬೇಳೆ ಬೇಯೋಕೆ ಅದು ಸರಿ. ಕಾಫಿ ಪುಡಿಗೆ ಬೇಕಾಗಿರೋದು 90ರಿಂದ 96 ಡಿಗ್ರಿ ಬಿಸಿ, ಅದಕ್ಕಿಂತ ಮೇಲೆ ಹೋದರೆ ಸುಟ್ಟ ಕಹಿ. ಆ ಯಂತ್ರಗಳಲ್ಲಿ ಒತ್ತಡ ಒಂದೂವರೆ, ಎರಡು ಬಾರ್ ದಾಟುತ್ತಿರಲಿಲ್ಲ. ಅಷ್ಟಕ್ಕೇ ಕಾಫಿ ಸೀದ ಹಾಗಾಗ್ತಿತ್ತು. ಒತ್ತಡ ಜಾಸ್ತಿ ಮಾಡೋಣ ಅಂದರೆ ಇನ್ನೂ ಸೀಯುತ್ತೆ. ಒಂದನ್ನ ಮುಟ್ಟಿದರೆ ಇನ್ನೊಂದು ಕೆಡೋ ಹಳೇ ಕೋಡ್ ಥರ.

ಇವತ್ತು ಐದಾರು ಸಾವಿರಕ್ಕೆ ಸಿಗೋ, ಒಳಗೆ ಪಂಪ್ ಇಲ್ಲದ 'ಸ್ಟೀಮ್ ಎಸ್ಪ್ರೆಸೊ ಮೇಕರ್' ಇರೋದು ಇದೇ 1901ರಲ್ಲಿ. ಮೇಲೆ ಎಲ್ಇಡಿ ಲೈಟು ಹಾಕಿದ್ದಾರೆ, ಒಳಗೆ ಬೆಜ್ಜೆರಾನೇ ಕೂತಿದ್ದಾನೆ. (ಮದುವೆ ಮನೆಗಳಲ್ಲಿ ಸುಯ್ ಅಂತ ಸದ್ದು ಮಾಡೋ 'ಎಕ್ಸ್‌ಪ್ರೆಸೊ' ಮಷಿನ್ ಅಂತೂ ಇನ್ನೂ ಹಿಂದೆ. ಅದು ಇನ್‌ಸ್ಟಂಟ್ ಪುಡಿ ಹಾಕಿದ ಹಾಲನ್ನ ಆವಿಯಿಂದ ನೊರೆ ಬರಿಸುತ್ತೆ ಅಷ್ಟೇ. ಅದರ ರುಚಿಯೇ ಬೇರೆ, ನನಗೆ ಇಷ್ಟವೂ ಹೌದು.) 1933ರ ಬಿಯಾಲೆಟ್ಟಿಯ ಮೋಕಾ ಪಾತ್ರೆಯೂ ಆವಿಯದೇ. ಆದರೆ ಅದು ತಾನು ಏನು ಅಂತ ಸುಳ್ಳು ಹೇಳಲ್ಲ. ಒಲೆ ಮೇಲಿಟ್ಟು ಗಟ್ಟಿ ಕಾಫಿ ಮಾಡ್ಕೊಳ್ಳಿ ಅನ್ನುತ್ತೆ. ಕಡಿಮೆ ದುಡ್ಡಿನವರಿಗೆ ನಾನು ಹೇಳೋದು ಮೋಕಾ ತಗೊಳ್ಳಿ ಅಂತಲೇ.

ಈ ಗಂಟನ್ನ ಬಿಡಿಸಿದವನು ಮಿಲಾನ್‌ನಲ್ಲಿ ಬಾರ್ ಇಟ್ಟಿದ್ದ ಅಕಿಲ್ಲೆ ಗಾಜಿಯಾ. 1938ರಲ್ಲಿ ಮೊದಲ ಪೇಟೆಂಟ್ ಹಾಕಿದ, ಆಮೇಲೆ ಯುದ್ಧ ಬಂತು. ಯುದ್ಧ ಮುಗಿದ ಮೇಲೆ, 1948ರ ಹೊತ್ತಿಗೆ, ಉದ್ದ ಹಿಡಿಯ ಲಿವರ್ ಮಷಿನ್ ಮಾರುಕಟ್ಟೆಗೆ ತಂದ. ಹಿಡಿ ಕೆಳಗೆ ಎಳೆದರೆ ಸ್ಪ್ರಿಂಗ್ ಬಿಗಿಯಾಗುತ್ತೆ, ಬಿಟ್ಟರೆ ಆ ಸ್ಪ್ರಿಂಗೇ ಪಿಸ್ಟನ್ ತಳ್ಳುತ್ತೆ. ಆವಿಯ ಕೆಲಸ ನೀರು ಕಾಯಿಸೋದಕ್ಕೆ ಮಾತ್ರ, ಒತ್ತಡ ಕೊಡೋದು ಮನುಷ್ಯನ ತೋಳು. ಒತ್ತಡ ಬೇರೆ, ಬಿಸಿ ಬೇರೆ ಆಯ್ತು. ಎರಡು ಬಾರ್ ಇದ್ದದ್ದು ಒಂದೇ ಏಟಿಗೆ ಎಂಟು, ಒಂಬತ್ತು ಬಾರ್‌ಗೆ ಹೋಯ್ತು. ಒಂಬತ್ತು ಬಾರ್ ಅಂದರೆ 90 ಮೀಟರ್ ಎತ್ತರದ ನೀರಿನ ಕಂಬದ ಭಾರ. ಕುತುಬ್ ಮಿನಾರ್ ಇರೋದು 73 ಮೀಟರ್.

ಆ ಒತ್ತಡಕ್ಕೆ ಕಾಫಿಯ ಎಣ್ಣೆ, ಹುರಿದ ಬೀಜದೊಳಗಿನ ಗ್ಯಾಸ್ ಎಲ್ಲ ಸೇರಿ ಮೇಲೆ ಕಂದು ನೊರೆ ಬಂತು. ಹಿಂದೆ ಯಾರೂ ಕಾಫಿಯ ಮೇಲೆ ಅಂಥದ್ದನ್ನ ಕಂಡಿರಲಿಲ್ಲ. ಗಾಜಿಯಾ ಅದನ್ನ 'ಕ್ರೆಮಾ ಕಫೆ', ಅಂದರೆ ಕೆನೆ ಕಾಫಿ, ಅಂತ ಹೆಸರಿಟ್ಟು ಮಾರಿದ. ಕಪ್ಪು ಅಷ್ಟು ಪುಟ್ಟದಾಗಿದ್ದಕ್ಕೂ ಕಾರಣ ಇಲ್ಲೇ ಇದೆ. ಪಿಸ್ಟನ್ನಿನೊಳಗೆ ಹಿಡಿಯೋ ನೀರೇ ಅಷ್ಟು. ಇವತ್ತು ಎಸ್ಪ್ರೆಸೊ ಅಂದಾಗ ನಮ್ಮ ಕಣ್ಮುಂದೆ ಬರೋ ಆ ಒಂದು ಗುಟುಕು ಕಾಫಿಯ ವಯಸ್ಸು ಇನ್ನೂ ಎಂಬತ್ತು ದಾಟಿಲ್ಲ.

1961ರಲ್ಲಿ ಎರ್ನೆಸ್ಟೊ ವಾಲೆಂಟೆಯ ಫಾಯೆಮಾ ಕಂಪನಿ ಇ61 ಅನ್ನೋ ಮಷಿನ್ ತಂದು ತೋಳಿಗೂ ರಜೆ ಕೊಟ್ಟಿತು. ಮೋಟಾರ್ ಪಂಪ್, ಒಂದೇ ಸಮನೆ ಒಂಬತ್ತು ಬಾರ್. ಹಾಲಿಗೆ ಆವಿ ಕೊಡೋ ದೊಡ್ಡ ಬಾಯ್ಲರಿನ ಒಳಗೆ ಒಂದು ಕೊಳವೆ ಹಾಯಿಸಿ, ಕಾಫಿಗೆ ಬೇಕಾದ ಹೊಸ ನೀರು ಅದರಲ್ಲಿ ಹಾದು ಬರುವಾಗಲೇ ಹದವಾಗಿ ಕಾಯೋ ಹಾಗೆ ಮಾಡಿದರು. ಇದೇ ಹೀಟ್ ಎಕ್ಸ್‌ಚೇಂಜರ್. ಆಮೇಲೆ ಕಾಫಿಗೊಂದು, ಆವಿಗೊಂದು ಅಂತ ಎರಡು ಬಾಯ್ಲರಿನ ಮಷಿನ್‌ಗಳೂ ಬಂದವು. ದಿಕ್ಕು ಒಂದೇ, ಅಂಟಿಕೊಂಡಿದ್ದನ್ನ ಬಿಡಿಸ್ತಾ ಹೋಗೋದು.

ಇಷ್ಟೂ ಕಥೆ ನಡೆದಿದ್ದು ಬಾರ್‌ಗಾಗಿ, ಗಂಟೆಗೆ ನೂರಾರು ಕಪ್ ಕೊಡೋ ಜಾಗಕ್ಕಾಗಿ. ಮನೆ ಮಷಿನ್ ಅನ್ನೋದು ಅದರ ಕುಗ್ಗಿಸಿದ ರೂಪ, ಕುಗ್ಗಿಸುವಾಗ ಏನಾದರೊಂದು ಬಿಟ್ಟುಹೋಗಲೇಬೇಕು. ಲಾ ಪವೋನಿಯ ಯುರೋಪಿಕೊಲಾ ಅನ್ನೋ ಪುಟ್ಟ ಲಿವರ್ ಮಷಿನ್‌ನಲ್ಲಿ ಪಂಪೇ ಇಲ್ಲ, ತೋಳೇ ಗತಿ. 1977ರಲ್ಲಿ ಗಾಜಿಯಾ ಕಂಪನಿ ಮನೆಗೆ ಅಂತ 'ಬೇಬಿ' ತಂದಿತು. ಅಂಥ ಮನೆ ಮಷಿನ್‌ಗಳಲ್ಲಿ ಬಾರ್‌ನ ದೊಡ್ಡ ಮೋಟಾರಿನ ಬದಲು ಗುರ್ ಅಂತ ನಡುಗೋ ಸಣ್ಣ ವೈಬ್ರೇಷನ್ ಪಂಪ್ ಇರುತ್ತೆ. ಡಬ್ಬದ ಮೇಲಿನ 15 ಬಾರ್ ಅಂದರೆ ನೀರು ಹೊರಗೆ ಹರಿಯದೇ ಇದ್ದಾಗ ಆ ಪಂಪ್ ಮುಟ್ಟಬಲ್ಲ ತುತ್ತತುದಿ. ಕಾಫಿಗೆ ಬೇಕಿರೋದು ಆಗಲೂ ಒಂಬತ್ತೇ. ಒಳ್ಳೇ ಮಷಿನ್‌ನಲ್ಲಿ ಹೆಚ್ಚಾದದ್ದನ್ನ ವಾಪಸ್ ಬಿಡೋಕೆ ಒಂದು ವಾಲ್ವ್ ಇರುತ್ತೆ. ಅಂದರೆ ಹದಿನೈದು ಅಂತ ಹೇಳಿ ಮಾರ್ತಾರೆ, ಒಂಬತ್ತಕ್ಕೆ ಇಳಿಸೋ ವಾಲ್ವಿಗೆ ಬೇರೆ ದುಡ್ಡು ತಗೊಳ್ತಾರೆ!

1986ರಲ್ಲಿ ಶುರುವಾದ ನೆಸ್ಪ್ರೆಸೊ ಕ್ಯಾಪ್ಸೂಲ್ ಬೇರೆ ದಾರಿ ಹಿಡಿಯಿತು. ಪುಡಿ, ಅಳತೆ, ಅದುಮೋದು ಎಲ್ಲ ಕಾರ್ಖಾನೆಯಲ್ಲೇ ಮುಗಿದಿರುತ್ತೆ. ಅನುಕೂಲ ಹೌದು. ಆದರೆ ನನ್ನ ಮನೆಯ ಬೀಜವನ್ನ ಅದಕ್ಕೆ ಹಾಕೋಕೆ ಆಗಲ್ಲ, ಅಲ್ಲಿಗೆ ನನ್ನ ಮಟ್ಟಿಗೆ ಆ ಮಾತು ಮುಗೀತು.

ಹಾಗಾದರೆ ಯಾವುದು ತಗೋಬೇಕು? ಮೊದಲು ಕೇಳ್ಕೋಬೇಕಾದ್ದು, ಮನೇಲಿ ಕುಡಿಯೋದು ಕರಿ ಕಾಫಿಯೋ ಹಾಲಿನದೋ ಅಂತ. ಒಂದೇ ಬಾಯ್ಲರ್ ಇರೋ ಮಷಿನ್‌ನಲ್ಲಿ 93 ಡಿಗ್ರಿಗೆ ಕಾಫಿ ಇಳಿಸಿ, ಆಮೇಲೆ ಆವಿಗೆ ಅಂತ 120 ದಾಟಿಸಿ, ಮತ್ತೆ ಆರಿಸಿ ಎರಡನೇ ಕಪ್ಪಿಗೆ ಬರಬೇಕು. 1901ರ ಗಂಟು ಇಲ್ಲಿ ಇನ್ನೂ ಅರ್ಧ ಉಳಿದಿದೆ. ಒಬ್ಬರಿಗೆ, ಕರಿ ಕಾಫಿಯವರಿಗೆ ಇದು ತೊಂದರೆಯೇ ಅಲ್ಲ. ಬೆಳಗ್ಗೆ ಏಳಕ್ಕೆ ನಾಲ್ಕು ಲೋಟ ಹಾಲು ಕಾಫಿ ಬೇಕಿರೋ ನಮ್ಮಂಥ ಮನೆಯಲ್ಲಿ ಮೂರನೇ ಲೋಟದ ಹೊತ್ತಿಗೆ ಜಗಳ ಶುರುವಾಗುತ್ತೆ. ಅಂಥವರಿಗೆ ಹೀಟ್ ಎಕ್ಸ್‌ಚೇಂಜರೋ ಎರಡು ಬಾಯ್ಲರೋ ಬೇಕು, ಅದು ಲಕ್ಷದ ಕಡೆ ಹೋಗುತ್ತೆ. ಅಥವಾ ಆ ನಾಲ್ಕು ಲೋಟವನ್ನ ಹಿತ್ತಾಳೆ ಫಿಲ್ಟರಿಗೇ ಬಿಡಬೇಕು.

ಎರಡನೇದು ಗ್ರೈಂಡರ್. ಬಾರ್‌ಗಳಲ್ಲಿ ಅದು ಕೌಂಟರಿನ ಮೇಲೆ ಮೊದಲಿಂದಲೂ ಪಕ್ಕದಲ್ಲೇ ಇತ್ತು. ಹಾಗಾಗಿ ಮಷಿನ್ ಮನೆಗೆ ಬಂದಾಗ ಗ್ರೈಂಡರನ್ನ ಬಿಟ್ಟು ಬಂತು. ಒಂಬತ್ತು ಬಾರ್ ಒತ್ತಡಕ್ಕೆ ಎದುರು ನಿಲ್ಲೋದು ಪುಡಿಯ ಪದರ ಒಂದೇ. ಅದು ಸ್ವಲ್ಪ ತರಿಯಾದರೆ ನೀರು ಹತ್ತು ಸೆಕೆಂಡಲ್ಲಿ ಸುರಿದುಹೋಗುತ್ತೆ, ತೀರಾ ನುಣ್ಣಗಾದರೆ ತೊಟ್ಟೂ ಬೀಳಲ್ಲ. ಬೇಕಾಗಿರೋದು 25ರಿಂದ 30 ಸೆಕೆಂಡ್. ಚಿಕೋರಿ ಬೆರೆಸಿದ ಫಿಲ್ಟರ್ ಪುಡಿಯನ್ನ ಇದಕ್ಕೆ ಹಾಕೋ ಯೋಚನೆ ಬಿಟ್ಟುಬಿಡಿ. ಅಗ್ಗದ ಮಷಿನ್‌ನವರು ಗ್ರೈಂಡರ್ ಇಲ್ಲದ ತೊಂದರೆ ಮುಚ್ಚೋಕೆ ಎರಡು ತಳದ ಬುಟ್ಟಿ ಕೊಡ್ತಾರೆ. ಕೆಳಗೆ ಒಂದೇ ಸಣ್ಣ ತೂತು, ಅದರಿಂದ ಚಿಮ್ಮಿಸಿ ನೊರೆ ಬರಿಸೋದು. ನೋಡೋಕೆ ಕ್ರೆಮಾ, ಕುಡಿದರೆ ಗೊತ್ತಾಗುತ್ತೆ. ದುಡ್ಡು ಕಡಿಮೆ ಇದ್ದರೆ ಮಷಿನ್‌ನಲ್ಲಿ ಉಳಿಸಿ, ಗ್ರೈಂಡರಿಗೆ ಹಾಕಿ.

ನೊರೆ ವಿಷಯ ಬಂತಲ್ಲ, ಆ ನೊರೆಯಲ್ಲಿ ನಮ್ಮವರ ಪಾಲೂ ಇದೆ. ಗಟ್ಟಿ, ದಪ್ಪ ಕ್ರೆಮಾ ಬರೋದಕ್ಕೆ ಇಟಲಿಯ ಎಷ್ಟೋ ಬ್ಲೆಂಡ್‌ಗಳಿಗೆ ರೊಬಸ್ಟಾ ಸೇರಿಸ್ತಾರೆ. ಇಂಡಿಯಾದ ಕಾಫಿಯನ್ನ ಬಹಳ ವರ್ಷಗಳಿಂದ ಅತಿ ಹೆಚ್ಚು ಕೊಳ್ಳೋ ದೇಶ ಇಟಲಿ. ಇಂಡಿಯಾದ ಕಾಫಿಯಲ್ಲಿ ಸುಮಾರು 70 ಪಾಲು ಕರ್ನಾಟಕದ್ದು, ಅದರಲ್ಲಿ ರೊಬಸ್ಟಾನೇ ಜಾಸ್ತಿ. ನಮ್ಮ ಕಡೆ ರೊಬಸ್ಟಾ ಬಂದಿದ್ದೇ ಒಂದು ಅನಿವಾರ್ಯದಿಂದ. 1869ರಲ್ಲಿ ಸಿಲೋನ್‌ನಲ್ಲಿ ಕಾಣಿಸಿಕೊಂಡ ಎಲೆ ತುಕ್ಕು ರೋಗ ದಕ್ಷಿಣ ಇಂಡಿಯಾದ ಅರೇಬಿಕಾ ತೋಟಗಳನ್ನೂ ಹಣ್ಣು ಮಾಡಿತು. ರೋಗ ತಡೆಯೋ ಗಿಡ ಅಂತ ಇಪ್ಪತ್ತನೇ ಶತಮಾನದ ಶುರುವಿನಲ್ಲಿ ಇದನ್ನ ತಂದು ಹಾಕಿದರು. ಕೆಫೆಗಳ ಮಾತಿನಲ್ಲಿ ಅದು ಇವತ್ತಿಗೂ ಎರಡನೇ ದರ್ಜೆ. '100 ಪರ್ಸೆಂಟ್ ಅರೇಬಿಕಾ' ಅಂತ ಬೋರ್ಡ್ ಹಾಕೋದು ಹೆಮ್ಮೆ. ನಮ್ಮದು ಗಾಜಿಯಾನ ಕೆನೆಗೆ ಬೆನ್ನೆಲುಬು ಅಂತ ಯಾವ ಬೋರ್ಡಲ್ಲೂ ಬರೆದದ್ದು ನಾನು ನೋಡಿಲ್ಲ.

1989ರಲ್ಲಿ ಅಂತಾರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ಪದ್ಧತಿ ಮುರಿದುಬಿತ್ತು, ವಿಯೆಟ್ನಾಂ ರೊಬಸ್ಟಾದಲ್ಲಿ ಮುಂದೆ ಬಂತು. 2001ರ ಹೊತ್ತಿಗೆ ಲೋಕದ ಕಾಫಿ ಬೆಲೆ ದಶಕಗಳಲ್ಲೇ ಕೆಳಗಿತ್ತು. ನಾನಾಗ ಹೈಸ್ಕೂಲು. ಕಣದಲ್ಲಿ ಒಣಗಿಸಿದ ಚೆರಿಯನ್ನ ಅಪ್ಪ ಆ ರೇಟಿಗೆ ಕೊಡೋಕೆ ಮನಸ್ಸಿಲ್ಲದೆ ಅಟ್ಟದಲ್ಲಿ ಪೇರಿಸಿಟ್ಟಿದ್ದರು. ಆ ವರ್ಷ ತೋಟಕ್ಕೆ ಗೊಬ್ಬರ ಬೀಳಲಿಲ್ಲ. ನಾವು ಮಾತ್ರ ಅದೇ ಬೀಜ ಮನೇಲೇ ಹುರಿದು ಪುಡಿ ಮಾಡಿ, ದಿನಾ ಬೆಲ್ಲದ ಕಾಫಿ ಕುಡಿದೆವು.

ನಾನು ಕೊನೆಗೆ ತಗೊಂಡಿದ್ದು ಒಂದೇ ಬಾಯ್ಲರಿನ, 58 ಮಿಲಿಮೀಟರ್ ಬುಟ್ಟಿಯ ಸಾದಾ ಮಷಿನ್ನು ಮತ್ತು ಅದಕ್ಕಿಂತ ಸ್ವಲ್ಪವೇ ಕಡಿಮೆ ಬೆಲೆಯ ಗ್ರೈಂಡರು. ಬಿಚ್ಚಿ ರಿಪೇರಿ ಮಾಡಬಹುದು, ಬಿಡಿಭಾಗ ಸಿಗುತ್ತೆ, ಮುಂದೆ ಯಾವತ್ತಾದರೂ ಟೆಂಪರೇಚರ್ ಕಂಟ್ರೋಲರ್ ಕೂರಿಸಬಹುದು. ಇಂಥ ಮಷಿನ್‌ಗಳನ್ನ ಬಿಚ್ಚಿ ಸರ್ಕಿಟ್ ಬೋರ್ಡ್ ಹಾಕೋ ನಮ್ಮಂಥ ಎಂಜಿನಿಯರ್‌ಗಳು ಲೋಕದ ತುಂಬಾ ಇದ್ದಾರೆ. ಬೀಜ ಮೂರರಲ್ಲಿ ಒಂದು ಪಾಲು ನಮ್ಮ ತೋಟದ ರೊಬಸ್ಟಾ, ಉಳಿದದ್ದು ಚಿಕ್ಕಮಗಳೂರಿನ ಅರೇಬಿಕಾ. 18 ಗ್ರಾಂ ಪುಡಿಗೆ 36 ಗ್ರಾಂ ಕಾಫಿ, 28 ಸೆಕೆಂಡ್. ಬೆಂಗಳೂರಿನ ಬೋರ್‌ವೆಲ್ ನೀರನ್ನ ಇದಕ್ಕೆ ನೇರವಾಗಿ ಹಾಕಬೇಡಿ, ಬಾಯ್ಲರಿಗೆ ಸುಣ್ಣ ಕಟ್ಟುತ್ತೆ. ಗೀಸರಿನ ಕಾಯಿಲ್ ಬಿಚ್ಚಿ ನೋಡಿದವರಿಗೆ ನಾನು ಹೇಳ್ತಿರೋದು ಗೊತ್ತಾಗುತ್ತೆ.