ಬದಿಗೆ ಸರಿಸಿದ ಎಣ್ಣೆ: ಬೇವು ಶಿಲೀಂಧ್ರನಾಶಕವಾದ ವೃತ್ತಾಂತ

ಮಲೆನಾಡಿನ ಅಡಕೆತೋಟಗಳಲ್ಲಿ ಮುಂಗಾರು ಬಲಿಯುವುದಕ್ಕೆ ಮುನ್ನ ಬೋರ್ಡೋ ದ್ರಾವಣವನ್ನು ಕಲಸುವವರು ಒಂದು ಸಣ್ಣ ಪರೀಕ್ಷೆಯನ್ನು ಮಾಡುವುದುಂಟು. ಮೈಲುತುತ್ತದ ನೀರಿಗೆ ಸುಣ್ಣದ ಹಾಲು ಕೂಡಿದ ಮೇಲೆ, ಉಜ್ಜಿ ತೊಳೆದ ಕತ್ತಿಯ ಅಲಗನ್ನು ಅದರಲ್ಲಿ ಕ್ಷಣಕಾಲ ಅದ್ದಿ ತೆಗೆಯುತ್ತಾರೆ. ಅಲಗಿನ ಮೇಲೆ ತಾಮ್ರದ ಕೆಂಪು ಕೂತಿದ್ದರೆ ಸುಣ್ಣ ಸಾಲದು, ಹಾಗೆಯೇ ಹೊಡೆದರೆ ಎಳಗಾಯಿ ಸುಟ್ಟೀತೆಂದು ಅರ್ಥ. ಫ್ರಾನ್ಸಿನ ಬೋರ್ಡೋ ಪ್ರಾಂತದ ದ್ರಾಕ್ಷಿಯನ್ನು ಬೂಷ್ಟಿನಿಂದ ಉಳಿಸಲು ಮಿಲಾರ್ಡೆ ಎಂಬ ಸಸ್ಯಶಾಸ್ತ್ರಜ್ಞನು 1885ರಲ್ಲಿ ಪ್ರಕಟಿಸಿದ ಈ ಮಿಶ್ರಣವು ನಮ್ಮ ಕೊಳೆರೋಗಕ್ಕೆ ಮದ್ದಾದುದು ಲೆಸ್ಲಿ ಕೋಲ್ಮನ್ನರ ಶ್ರಮದಿಂದ. ಕೆನಡಾ ದೇಶದವರಾದ ಅವರು 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದು, ಕೊಳೆರೋಗದ ಕಾರಣವನ್ನು ಶೋಧಿಸಿ, ಅಂದಿನವರೆಗೆ ಅಡಕೆಗೊನೆಗಳಿಗೆ ಕೊಟ್ಟೆ ಕಟ್ಟಿ ಮಳೆಯನ್ನು ತಡೆಯುತ್ತಿದ್ದ ತೋಟಗಾರರ ಕೈಗೆ ಸಿಂಪರಣೆಯ ಸಾಧನವನ್ನು ಕೊಟ್ಟರು.

ತಾಮ್ರದ ಈ ಯಶಸ್ಸನ್ನು ಮೊದಲಿಗೇ ನೆನೆಯದೆ ಸಸ್ಯಜನ್ಯ ಔಷಧಗಳ ಚರಿತ್ರೆಯನ್ನು ಬರೆಯಹೊರಡುವುದು ಅನ್ಯಾಯವೆಂದು ನನ್ನ ಅಭಿಪ್ರಾಯ. ರೈತನು ರಾಸಾಯನಿಕವನ್ನು ಹಿಡಿದುದು ಮೋಹದಿಂದಲ್ಲ, ಬೆಳೆ ಉಳಿದುದರಿಂದ. ಆದರೆ ತಾಮ್ರವು ಲೋಹವಾದುದರಿಂದ ಮಣ್ಣಿನಲ್ಲಿ ಕರಗಿ ಹೋಗದೆ ವರ್ಷವರ್ಷವೂ ಸಂಚಯವಾಗುತ್ತದೆ. ಅದರ ಬಳಿಕ ಬಂದ ಪಾದರಸದ ಬೀಜೋಪಚಾರಗಳು ಮನುಷ್ಯರಿಗೇ ವಿಷವಾದವು. 1960ರ ದಶಕದ ಕೊನೆಗೆ ಬೆನೊಮಿಲ್ ಮೊದಲಾದ ಅಂತರ್ವ್ಯಾಪಿ ಔಷಧಗಳು ಪವಾಡವೆಂಬಂತೆ ಬಂದು, ಕೆಲವೇ ವರ್ಷಗಳಲ್ಲಿ ಶಿಲೀಂಧ್ರಗಳು ಅವಕ್ಕೆ ಜಗ್ಗದಂತಾದವು. ಗಿಡವೇ ತನ್ನ ರಕ್ಷಣೆಗೆ ಮಾಡಿಕೊಂಡಿರುವುದೇನೆಂಬ ಪ್ರಶ್ನೆಯತ್ತ ವಿದ್ವಾಂಸರ ಗಮನ ಇನ್ನಷ್ಟು ಹರಿಯುವುದಕ್ಕೆ ಇದು ಹಿನ್ನೆಲೆ.

ಆ ಪ್ರಶ್ನೆಗೆ ಮೊದಲ ಖಚಿತವಾದ ಉತ್ತರವು ದೊರೆತುದು ಅಮೆರಿಕದ ವಿಸ್ಕಾನ್ಸಿನ್ನಿನಲ್ಲಿ, ಈರುಳ್ಳಿಯ ಸಿಪ್ಪೆಯಲ್ಲಿ. ಬಿಳಿಯ ಈರುಳ್ಳಿಗೆ ಮಸಿಯಂತೆ ಹತ್ತುವ ಒಂದು ರೋಗವು ಬಣ್ಣದ ಈರುಳ್ಳಿಯನ್ನು ಮುಟ್ಟುತ್ತಿರಲಿಲ್ಲ. ಜೆ. ಸಿ. ವಾಕರ್ ಮತ್ತು ಅವರ ಸಂಗಡಿಗರು ಬಣ್ಣದ ಒಣಸಿಪ್ಪೆಯನ್ನು ನೀರಿನಲ್ಲಿ ನೆನಸಿ, ಆ ನೀರು ಶಿಲೀಂಧ್ರದ ಬೀಜಕಗಳು ಮೊಳೆಯದಂತೆ ತಡೆಯುವುದನ್ನು ಕಂಡು, 1929ರಲ್ಲಿ ಅದರಿಂದ ಪ್ರೋಟೊಕ್ಯಾಟೆಚುಯಿಕ್ ಆಮ್ಲವನ್ನು ಬೇರ್ಪಡಿಸಿದರು. ಅಡಿಗೆಮನೆಯಲ್ಲಿ ನಾವು ಕಸವೆಂದು ಎಸೆಯುವ ಸಿಪ್ಪೆಯೇ ಗಡ್ಡೆಯ ಕವಚವಾಗಿದ್ದಿತು! ಮುಂದೆ 1940ರಲ್ಲಿ ಜರ್ಮನಿಯ ಮ್ಯೂಲರ್ ಮತ್ತು ಬೋರ್ಗರ್, ರೋಗ ತಾಕಿದ ಬಳಿಕ ಮಾತ್ರ ಸಸ್ಯವು ಉತ್ಪಾದಿಸುವ ರಕ್ಷಕದ್ರವ್ಯಗಳ ಕಲ್ಪನೆಯನ್ನು ಆಲೂಗಡ್ಡೆಯ ಪ್ರಯೋಗಗಳಿಂದ ಮುಂದಿಟ್ಟು, ಅವಕ್ಕೆ ಫೈಟೊಅಲೆಕ್ಸಿನ್ ಎಂದು ಹೆಸರಿಟ್ಟರು.

ಈ ನಡುವೆ ಬೇವಿನ ಕಥೆಯು ಬೇರೆಯೇ ಜಾಡಿನಲ್ಲಿ ಸಾಗಿತು. ನಮ್ಮ ಪೂರ್ವಿಕರಿಗೆ ಎಲ್ಲವೂ ತಿಳಿದಿತ್ತೆಂದು ಹೇಳಿ ಮುಗಿಸುವ ರೂಢಿಯೊಂದು ಈಚೆಗೆ ಬೆಳೆದಿದೆ. ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ವೃಕ್ಷಾಯುರ್ವೇದದ ಅಧ್ಯಾಯವಿರುವುದು ನಿಜ. ರೋಗ ತಗುಲಿದ ಭಾಗವನ್ನು ಶಸ್ತ್ರದಿಂದ ಶೋಧಿಸಿ ವಾಯುವಿಡಂಗ, ತುಪ್ಪ, ಕೆಸರುಗಳ ಲೇಪವನ್ನು ಹಚ್ಚುವ ವಿಧಿ ಅಲ್ಲಿದೆ. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ, 1025ರ ಸುಮಾರಿಗೆ, ಎರಡನೆಯ ಚಾವುಂಡರಾಯನು ಕನ್ನಡದಲ್ಲಿ ರಚಿಸಿದ ಲೋಕೋಪಕಾರದಲ್ಲಿಯೂ ವೃಕ್ಷಾಯುರ್ವೇದಕ್ಕೆ ಒಂದು ಅಧ್ಯಾಯ ಮೀಸಲಾಗಿರುವುದು ನಮಗೆ ಹೆಮ್ಮೆಯ ಸಂಗತಿಯೇ. ಆದರೆ ಆ ಪರಂಪರೆಯು ಸಸ್ಯರೋಗವನ್ನು ಕಂಡುದು ವಾತ, ಪಿತ್ತ, ಕಫಗಳ ಪ್ರಕೋಪವಾಗಿ; ಬೂಷ್ಟು ಒಂದು ಪ್ರತ್ಯೇಕ ಜೀವಿ, ಅದು ರೋಗದ ಫಲವಲ್ಲದೆ ಕಾರಣವೆಂಬ ಅರಿವು ಯೂರೋಪಿನಲ್ಲಿಯೂ ನೆಲೆಗೊಂಡುದು ಹತ್ತೊಂಬತ್ತನೆಯ ಶತಮಾನದಲ್ಲಿ. ಹಳೆಯ ಲೇಪಗಳನ್ನು ಇಂದಿನ ಅರ್ಥದಲ್ಲಿ ಶಿಲೀಂಧ್ರನಾಶಕಗಳೆಂದು ಕರೆಯುವುದು ಗ್ರಂಥಕರ್ತರಿಗೂ ವಿಜ್ಞಾನಕ್ಕೂ ಉಪಚಾರವಾಗಲಾರದು.

ಬೇವಿನ ರಸಾಯನಶಾಸ್ತ್ರವು ಮೊದಲಾದುದು ಎಣ್ಣೆಯಿಂದ. 1942ರಲ್ಲಿ ಸಲೀಮುಜ್ಜಮಾನ್ ಸಿದ್ದೀಕಿಯವರು ಬೇವಿನೆಣ್ಣೆಯಿಂದ ನಿಂಬಿನ್, ನಿಂಬಿನಿನ್, ನಿಂಬಿಡಿನ್ ಎಂಬ ಕಹಿದ್ರವ್ಯಗಳನ್ನು ಬೇರ್ಪಡಿಸಿದರು. ಆದರೆ ಲೋಕದ ಕಣ್ಣನ್ನು ಸೆಳೆದವು ಮಿಡತೆಗಳು. 1959ರಲ್ಲಿ ಸುಡಾನಿನಲ್ಲಿ ಮಿಡತೆಯ ದಂಡೊಂದು ಬಂದೆರಗಿದಾಗ ಬೇವಿನ ಮರಗಳು ಮಾತ್ರ ಹಸುರಾಗಿ ಉಳಿದುದನ್ನು ಜರ್ಮನ್ ಕೀಟತಜ್ಞ ಶ್ಮುಟ್ಟರರ್ ಗಮನಿಸಿದರು. ದೆಹಲಿಯಲ್ಲಿ ಪ್ರಧಾನ್ ಮತ್ತು ಸಹೋದ್ಯೋಗಿಗಳು ಬೇವಿನ ಬೀಜದ ಕಷಾಯವನ್ನು ಸಿಂಪಡಿಸಿದ ಪೈರನ್ನು ಮಿಡತೆ ಮುಟ್ಟದೆಂದು ತೋರಿಸಿದರು. 1968ರಲ್ಲಿ ಇಂಗ್ಲೆಂಡಿನ ಬಟರ್ವರ್ತ್ ಮತ್ತು ಮಾರ್ಗನ್ ಅಜಾಡಿರಾಕ್ಟಿನ್ ಎಂಬ ದ್ರವ್ಯವನ್ನು ಪ್ರತ್ಯೇಕಿಸಿದರು. ಅಲ್ಲಿಂದ ಮುಂದೆ ಬೇವೆಂದರೆ ಅಜಾಡಿರಾಕ್ಟಿನ್ ಎಂಬಂತಾಯಿತು. ಅದರ ರಚನೆ ಎಷ್ಟು ಜಟಿಲವೆಂದರೆ ಪ್ರಯೋಗಶಾಲೆಯಲ್ಲಿ ಅದನ್ನು ಕಟ್ಟಲು ಕೇಂಬ್ರಿಜ್ಜಿನ ಲೇ ಮತ್ತು ಸಂಗಡಿಗರಿಗೆ 22 ವರ್ಷಗಳು ಹಿಡಿದು, 2007ರಲ್ಲಿ ಆ ಕಾರ್ಯ ಕೈಗೂಡಿತು.

ಅಜಾಡಿರಾಕ್ಟಿನ್ ಹುಳುವಿನ ವೈರಿಯೇ ಹೊರತು ಬೂಷ್ಟಿನ ವೈರಿಯಲ್ಲ. ನಾನು ಹೇಳಬೇಕೆಂದಿರುವುದೂ ಇದನ್ನೇ. ಬೇವಿನ ತಿರುಳಿನಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಎಣ್ಣೆಯಿರುತ್ತದೆ. ಹೆಕ್ಸೇನಿನಂತಹ ದ್ರಾವಕದಲ್ಲಿ ಆ ಎಣ್ಣೆಯನ್ನು ತೆಗೆದರೆ ಅಜಾಡಿರಾಕ್ಟಿನ್ ಬಹುಪಾಲು ಹಿಂಡಿಯಲ್ಲಿಯೇ ಉಳಿಯುತ್ತದೆ. ಕೀಟನಾಶಕವನ್ನು ಅರಸುವವರಿಗೆ ಎಣ್ಣೆಯು ದಾರಿಗಡ್ಡ ಬಂದ ಜಿಡ್ಡು, ಬದಿಗೆ ಸರಿಸತಕ್ಕ ವಸ್ತು. ಎಲೆಯ ಮೇಲಿನ ಬೂದಿರೋಗವನ್ನೂ ತುಕ್ಕನ್ನೂ ಅಡಗಿಸುವ ಗುಣವು ಆ ಜಿಡ್ಡಿನಲ್ಲಿಯೇ ಇದ್ದಿತು.

ಅಮೆರಿಕದ ಕೃಷಿ ಇಲಾಖೆ ಮತ್ತು ಡಬ್ಲ್ಯೂ. ಆರ್. ಗ್ರೇಸ್ ಸಂಸ್ಥೆಗಳು ಕೂಡಿ ಯೂರೋಪಿನಲ್ಲಿ ಹಕ್ಕುಪತ್ರವನ್ನು ಬೇಡಿದುದು ಇದಕ್ಕೇ. ಅಜಾಡಿರಾಕ್ಟಿನ್ ಬಹುಮಟ್ಟಿಗೆ ಇಲ್ಲದ ಬೇವಿನೆಣ್ಣೆಯನ್ನು ಶೇಕಡಾ 0.1ರಿಂದ 10ರವರೆಗೆ ನೀರಿನಲ್ಲಿ ಬೆರೆಸಿ ಶಿಲೀಂಧ್ರಗಳನ್ನು ನಿಯಂತ್ರಿಸುವ ವಿಧಾನಕ್ಕೆ 1994ರಲ್ಲಿ ಮ್ಯೂನಿಕ್ಕಿನ ಯೂರೋಪಿಯನ್ ಪೇಟೆಂಟ್ ಕಚೇರಿಯು ಪೇಟೆಂಟನ್ನು ಕೊಟ್ಟಿತು. ಮರದ ಶಾಸ್ತ್ರೀಯ ನಾಮವೇ ‘ಸ್ವತಂತ್ರವೃಕ್ಷ’ವೆಂಬ ಅರ್ಥದ ಪಾರಸಿ ಮಾತಿನಿಂದ ಹುಟ್ಟಿದುದೆಂಬುದನ್ನು ನೆನೆದರೆ ಇದರಲ್ಲಿ ಹಾಸ್ಯವೂ ಇಲ್ಲದಿಲ್ಲ. ಅದೇ ಗ್ರೇಸ್ ಸಂಸ್ಥೆಯು ಭಾರತೀಯ ಸಂಸ್ಥೆಯೊಂದರೊಡನೆ ಸೇರಿ ನಮ್ಮ ತುಮಕೂರಿನಲ್ಲಿ ಬೇವಿನ ಬೀಜವನ್ನು ಸಂಸ್ಕರಿಸುವ ಕಾರ್ಖಾನೆಯನ್ನು ನಡೆಸುತ್ತಿದ್ದುದರಿಂದ ವಿವಾದವು ಕರ್ನಾಟಕದ ರೈತರಿಗೂ ದೂರದ್ದಾಗಿರಲಿಲ್ಲ.

1995ರಲ್ಲಿ ವಂದನಾ ಶಿವ, ಯೂರೋಪಿನ ಪಾರ್ಲಿಮೆಂಟಿನ ಹಸಿರು ಪಕ್ಷದ ಮಾಗ್ಡಾ ಆಲ್ವೂಟ್, ಮತ್ತು ಸಾವಯವ ಕೃಷಿಕರ ಅಂತರರಾಷ್ಟ್ರೀಯ ಒಕ್ಕೂಟ ಇವರು ಆಕ್ಷೇಪಣೆಯನ್ನು ಸಲ್ಲಿಸಿದರು. ಸಾವಿರಾರು ವರ್ಷಗಳ ಪರಂಪರೆಯ ಮಾತು ಸಭೆಗಳಲ್ಲಿ ಬಹಳವಾಗಿ ಕೇಳಿಬಂದರೂ, 2000ದ ಮೇ ತಿಂಗಳಿನಲ್ಲಿ ಪೇಟೆಂಟು ರದ್ದಾಗುವುದಕ್ಕೆ ಬಲವಾಗಿ ಒದಗಿದುದು ಒಂದು ಸಾಧಾರಣವಾದ ಸಾಕ್ಷ್ಯ: ಪುಣೆಯ ಉದ್ಯಮಿಯೊಬ್ಬರು 1985 ಮತ್ತು 1986ರಲ್ಲಿಯೇ ಮಹಾರಾಷ್ಟ್ರದ ಹೊಲಗಳಲ್ಲಿ, ರೈತರ ಕಣ್ಣೆದುರಿಗೆ, ಬೇವಿನ ಎಣ್ಣೆಯನ್ನು ಪ್ರಯೋಗಿಸಿ ನೋಡಿದ್ದರು. ತೂಕಕ್ಕೆ ಬಂದುದು ಪುರಾತನ ಗ್ರಂಥವಲ್ಲ, ಹತ್ತು ಹದಿನೈದು ವರ್ಷಗಳ ಹಿಂದಿನ ಹೊಲ. ಮೇಲ್ಮನವಿಯೂ 2005ರ ಮಾರ್ಚ್ 8ರಂದು ವಜಾ ಆಯಿತು.

ಎಣ್ಣೆಯ ಶಕ್ತಿಗೆ ಮಿತಿಗಳಿವೆ. ಬೂದಿರೋಗದ ಶಿಲೀಂಧ್ರವು ಬಹುತೇಕ ಎಲೆಯ ಹೊರಮೈಮೇಲೆಯೇ ಹರಡಿ, ಹೀರುಬೇರುಗಳನ್ನು ಮಾತ್ರ ಒಳಕ್ಕೆ ಇಳಿಸುವುದರಿಂದ, ಎಣ್ಣೆಯ ತೆಳುಪೊರೆಯು ಅದನ್ನು ಮುಚ್ಚಿ, ಬೀಜಕಗಳು ಮೊಳೆಯುವುದನ್ನು ತಡೆಯುತ್ತದೆ. ಒಳಹೊಕ್ಕು ಕೊಳೆಸುವ ಕೊಳೆರೋಗದ ಫೈಟೊಫ್ತೋರಕ್ಕೆ (ಇಂದಿನ ವರ್ಗೀಕರಣದಲ್ಲಿ ಅದು ನಿಜವಾದ ಶಿಲೀಂಧ್ರವೂ ಅಲ್ಲ), ಅದರಲ್ಲಿಯೂ ಆಷಾಢದ ಜಡಿಮಳೆಯಲ್ಲಿ, ಈ ಪೊರೆ ಏನೂ ಸಾಲದು. ಆದುದರಿಂದಲೇ ಮಲೆನಾಡಿನಲ್ಲಿ ಮೈಲುತುತ್ತವು ಇಂದಿಗೂ ತನ್ನ ಸ್ಥಾನವನ್ನು ಬಿಟ್ಟುಕೊಟ್ಟಿಲ್ಲ.

ಬಯಲುಸೀಮೆಯ ಬೆಂಡೆಯ ಪಾತಿಯಲ್ಲಿ ಮಾತು ಬೇರೆ. ಎಣ್ಣೆಯನ್ನು ಮೊದಲು ಸಾಬೂನಿನ ನೀರಿನಲ್ಲಿ ಚೆನ್ನಾಗಿ ಕಡೆದು ಹಾಲಿನಂತೆ ಬೆಳ್ಳಗಾಗಿಸಿಕೊಳ್ಳಬೇಕು. ಹಾಗೆ ಮಾಡದಿದ್ದರೆ ಅದು ನೀರಿನ ಮೇಲೆ ತೇಲಿ, ಪಂಪಿನಲ್ಲಿ ಮೊದಲು ಬರಿಯ ನೀರೂ ಕೊನೆಗೆ ಬರಿಯ ಎಣ್ಣೆಯೂ ಬಂದು ಎಲೆ ಸುಡುತ್ತದೆ. ಬಿಸಿಲಿಳಿದ ಹೊತ್ತಿನಲ್ಲಿ ಹೊಡೆದ ಮೇಲೆ ಮೂರು ನಾಲ್ಕು ದಿನ ಬಿಟ್ಟು ಹೋಗಿ ನೋಡಿದರೆ ಎಲೆಯ ಮೇಲ್ಮೈ ಹಸುರಾಗಿ ಕಾಣುತ್ತದೆ. ಅದೇ ಎಲೆಯನ್ನು ಬೆರಳಿನಿಂದ ಮಗುಚಿದರೆ, ಹೊಡೆದವನ ನಳಿಗೆ ಕೆಳಗಿನಿಂದ ಮೇಲಕ್ಕೆ ತಿರುಗಿರದಿದ್ದ ಪಕ್ಷದಲ್ಲಿ, ಬೂದಿಯು ಅಲ್ಲಿ ಇದ್ದಂತೆಯೇ ಇರುತ್ತದೆ.