ಮೆಟ್ಟಿನ ಆಯುಸ್ಸು

ಹೊಸ ಚಪ್ಪಲಿ ಕಚ್ಚುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಹಿರಿಯರು ಇದಕ್ಕೆ ಮಾಡುತ್ತಿದ್ದ ಉಪಾಯ ಸರಳವಾದದ್ದು. ಸಂತೆಯಿಂದ ತಂದ ಮೆಟ್ಟಿಗೆ ರಾತ್ರಿ ಔಡಲೆಣ್ಣೆ ಸವರಿ ಇಡುವುದು. ಮೊದಲ ಕೆಲವು ದಿನ ಅಂಗಳದಲ್ಲಷ್ಟೇ ಮೆಟ್ಟಿ ತಿರುಗಾಡುವುದು. ನಾಲ್ಕಾರು ದಿನಗಳಲ್ಲಿ ತೊಗಲು ಕಾಲಿನ ಆಕಾರಕ್ಕೆ ಬಗ್ಗುತ್ತಿತ್ತು. ಹೀಗೆ ಪಳಗಿದ ಮೆಟ್ಟು ವರ್ಷಗಟ್ಟಲೆ ಬಾಳುತ್ತಿತ್ತು. ಈ ಉಪಚಾರದ ಹಿಂದೆ ಒಂದು ಶಾಸ್ತ್ರವಿದೆ. ಅಷ್ಟು ಹಿತವಲ್ಲದ ಒಂದು ಚರಿತ್ರೆಯೂ ಇದೆ.

ಈ ಮೆಟ್ಟನ್ನು ನಾವು ಕೊಲ್ಹಾಪುರಿ ಎನ್ನುತ್ತೇವೆ. ಹೆಸರು ಪೇಟೆಯದು, ಹೊಲಿದ ಕೈಗಳು ಅಥಣಿ, ಮದಭಾವಿ, ನಿಪ್ಪಾಣಿಯ ಕಡೆಯವೂ ಹೌದು. 2019ರಲ್ಲಿ ಇದಕ್ಕೆ ಭೌಗೋಳಿಕ ಸೂಚಿಯ ಮಾನ್ಯತೆ ದೊರೆತಾಗ ಮಹಾರಾಷ್ಟ್ರದ ಕೊಲ್ಹಾಪುರ, ಸಾಂಗ್ಲಿ, ಸಾತಾರಾ, ಸೊಲ್ಲಾಪುರಗಳ ಜೊತೆಗೆ ನಮ್ಮ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಜಿಲ್ಲೆಗಳಿಗೂ ಆ ಹಕ್ಕು ಬಂದಿತು.

ಹಸಿ ತೊಗಲು ಹಾಗೆಯೇ ಬಿಟ್ಟರೆ ಕೊಳೆಯುತ್ತದೆ. ಅದನ್ನು ಸುಣ್ಣದ ನೀರಿನಲ್ಲಿ ನೆನೆಹಾಕಿ, ಕೂದಲು ಕೆರೆದು, ಬಳಿಕ ಜಾಲಿಯ ತೊಗಟೆ ಮತ್ತು ಅಳಲೆಕಾಯಿಯ ರಸದಲ್ಲಿ ಹದ ಮಾಡುತ್ತಾರೆ. ತೊಗಲನ್ನೇ ಚೀಲದಂತೆ ಹೊಲಿದು, ತೂಗುಹಾಕಿ, ಒಳಗೆ ಆ ರಸವನ್ನು ತುಂಬುವುದು ಇಲ್ಲಿನ ಹಳೆಯ ಪದ್ಧತಿ. ಎಳೆಯ ಅಡಿಕೆ ಅಗಿದರೆ ಬಾಯಿ ಒಗರಾಗುತ್ತದೆಯಲ್ಲವೆ? ಆ ಒಗರೇ ಇಲ್ಲಿ ಕೆಲಸ ಮಾಡುವುದು. ಟ್ಯಾನಿನ್ ಎಂಬ ಆ ಅಂಶ ತೊಗಲಿನ ಎಳೆಗಳನ್ನು ಹಿಡಿದುಕೊಂಡು ಕೊಳೆಯದಂತೆ ಕಾಯುತ್ತದೆ. ಈ ಕೆಲಸಕ್ಕೆ ವಾರಗಳೇ ಬೇಕು.

ಅಟ್ಟೆಗೆ ಸಾಮಾನ್ಯವಾಗಿ ಎಮ್ಮೆಯ ತೊಗಲು, ಮೇಲಿನ ನವುರಾದ ಹೆಣಿಗೆಗೆ ಆಡಿನ ತೊಗಲು. ಹೆಣೆಯುವ ಕೆಲಸ ಬಹುಮಟ್ಟಿಗೆ ಹೆಂಗಸರದು. ಸಾಂಪ್ರದಾಯಿಕ ಮೆಟ್ಟಿಗೆ ಮೊಳೆ ಹೊಡೆಯುವುದಿಲ್ಲ. ತೊಗಲಿನ ದಾರದಿಂದಲೇ ಹೊಲಿಗೆ. ಹೊಲಿದದ್ದನ್ನು ಬಿಚ್ಚಬಹುದು, ಸವೆದ ಪದರ ತೆಗೆದು ಹೊಸದನ್ನು ಕೂಡಿಸಬಹುದು. ದುರಸ್ತಿಗೆ ಒಗ್ಗುವಂತೆಯೇ ಅದನ್ನು ಕಟ್ಟಲಾಗಿದೆ.

ಉಳಿದದ್ದು ಮೆಟ್ಟುವವರ ಪಾಲಿನ ಕೆಲಸ. ತೊಗಲಿನ ಎಳೆಗಳ ನಡುವೆ ಜಿಡ್ಡು ಇರುವಷ್ಟು ದಿನ ಅವು ಸಲೀಸಾಗಿ ಬಾಗುತ್ತವೆ. ನೆನೆದು ಒಣಗಿದಾಗ ಎಳೆಗಳು ಒಂದಕ್ಕೊಂದು ಅಂಟಿ ಬಿರುಸಾಗಿ, ಮಡಿಕೆ ಬಿದ್ದಲ್ಲಿ ಸೀಳುತ್ತವೆ. ಆದ್ದರಿಂದಲೇ ಆಗಾಗ ತೆಳುವಾಗಿ ಎಣ್ಣೆ ಸವರಬೇಕು. ಅತಿಯಾದರೆ ತೊಗಲು ಜೋತುಬೀಳುತ್ತದೆ. ನೆನೆದ ಮೆಟ್ಟನ್ನು ಒಲೆಯ ಬಳಿಯಾಗಲಿ ಬಿಸಿಲಿನಲ್ಲಾಗಲಿ ಇಡದೆ, ಗಾಳಿಯಾಡುವ ನೆರಳಿನಲ್ಲಿ ಒಣಗಿಸಬೇಕು. ಬೂಟಾದರೆ ಒಳಗೆ ಹಳೆಯ ಪತ್ರಿಕೆಯನ್ನು ಉಂಡೆಮಾಡಿ ತುರುಕಬಹುದು. ಓದಿ ಮುಗಿದ ಪತ್ರಿಕೆಗೆ ಅದೂ ಒಂದು ಸದ್ಗತಿ. ಬೆವರು ಆರಲು ಒಂದು ದಿನ ಬಿಡುವು ಕೊಟ್ಟು ಮೆಟ್ಟಿದರೆ ಇನ್ನೂ ಒಳ್ಳೆಯದು. ಮಳೆಗಾಲದಲ್ಲಿ ಒರೆಸಿ ಎತ್ತಿಡುವುದು, ಹೊಲಿಗೆ ಒಂದು ಬಿಟ್ಟಾಗಲೇ ಹಾಕಿಸುವುದು, ಇಷ್ಟೇ.

ಹೊಲಿಗೆ ಹಾಕುತ್ತಿದ್ದವರು ಯಾರು? ತೊಗಲನ್ನು ಹದ ಮಾಡುವವರು ಡೋಹರರು, ಮೆಟ್ಟು ಹೊಲಿಯುವವರು ಸಮಗಾರರು. ಊರವರ ಮೆಟ್ಟುಗಳನ್ನು ವರ್ಷವಿಡೀ ರಿಪೇರಿ ಮಾಡಿದ್ದಕ್ಕೆ ಸುಗ್ಗಿಯಲ್ಲಿ ಕಣದಿಂದ ಕಾಳು ಕೊಡುವ ರೂಢಿ ಅನೇಕ ಕಡೆ ಇತ್ತು. ಆದರೆ ಅವರ ಮನೆಗಳು ಊರ ಹೊರಗೆ. ಅವರು ಮಾಡಿದ ಮೆಟ್ಟು ಗೌಡರ ಪಡಸಾಲೆಯ ತನಕ ಹೋಗುತ್ತಿತ್ತು; ಮಾಡಿದವರು ಆ ಕಟ್ಟೆಯನ್ನು ಹತ್ತುವಂತಿರಲಿಲ್ಲ. ಮೆಟ್ಟನ್ನು ಜೋಪಾನ ಮಾಡಿದ ಸಮಾಜ ಮೆಟ್ಟು ಮಾಡಿದವನನ್ನು ಜೋಪಾನ ಮಾಡಲಿಲ್ಲ.

ಇದನ್ನು ಪ್ರಶ್ನಿಸಿದ ಕಥೆಯೂ ಕನ್ನಡ ನೆಲದ್ದೇ. 12ನೆಯ ಶತಮಾನದ ಕಲ್ಯಾಣದಲ್ಲಿ ಸಮಗಾರ ಹರಳಯ್ಯ ಬಸವಣ್ಣನವರಿಗೆ 'ಶರಣು' ಎಂದಾಗ ಅವರು 'ಶರಣು ಶರಣಾರ್ಥಿ' ಎಂದು ಮರುವಂದನೆ ಮಾಡಿದರಂತೆ. ಆ ಋಣ ತೀರಿಸಲು ಹರಳಯ್ಯ ದಂಪತಿಗಳು ತಮ್ಮ ತೊಡೆಯ ಚರ್ಮದಿಂದಲೇ ಪಾದರಕ್ಷೆ ಮಾಡಿ ತಂದರೆ, ಬಸವಣ್ಣ ಅವನ್ನು ಮೆಟ್ಟದೆ ತಲೆಯ ಮೇಲಿಟ್ಟುಕೊಂಡರು ಎಂಬುದು ಐತಿಹ್ಯ. ಐತಿಹ್ಯವನ್ನು ಅಕ್ಷರಶಃ ನಂಬಬೇಕಿಲ್ಲ. ಕಾಲಿನ ವಸ್ತು ತಲೆಗೇರಿದ್ದರ ಅರ್ಥ ಮಾತ್ರ ಯಾರಿಗೂ ಬಿಡಿಸಿ ಹೇಳಬೇಕಿಲ್ಲ.

1884ರಲ್ಲಿ ಅಮೆರಿಕದಲ್ಲಿ ಆಗಸ್ಟಸ್ ಶುಲ್ಟ್ಸ್ ಕ್ರೋಮಿಯಂ ಲವಣದಿಂದ ಹದ ಮಾಡುವ ವಿಧಾನಕ್ಕೆ ಪೇಟೆಂಟ್ ಪಡೆದ. ವಾರಗಳ ಕೆಲಸ ಕ್ರಮೇಣ ಗಂಟೆಗಳಿಗೆ ಇಳಿಯಿತು. ಆಮೇಲೆ ರಬ್ಬರ್, ಪ್ಲಾಸ್ಟಿಕ್ ಬಂದವು. ಹರಿದರೆ ಹೊಲಿಸುವ ಬದಲು ಬಿಸಾಡುವುದು ಅಭ್ಯಾಸವಾಯಿತು. ಮರದಡಿ ರಂಪಿಗೆ, ಉಳಿ ಹಿಡಿದು ಕೂರುವವರು ವಿರಳವಾದರು. 2025ರ ಜೂನ್‌ನಲ್ಲಿ ಮಿಲಾನ್ ನಗರದ ಪ್ರದರ್ಶನದಲ್ಲಿ ಪ್ರಾಡಾ ಸಂಸ್ಥೆಯ ರೂಪದರ್ಶಿಗಳು ಇದನ್ನೇ ಹೋಲುವ ಮೆಟ್ಟು ಧರಿಸಿ ನಡೆದರು. ಮೂಲದ ಹೆಸರೇ ಇಲ್ಲವೆಂದು ಪ್ರತಿಭಟನೆ ಎದ್ದ ಮೇಲೆ ಸಂಸ್ಥೆ ಭಾರತೀಯ ಕುಶಲಕರ್ಮಿಗಳ ಋಣವನ್ನು ಒಪ್ಪಿಕೊಂಡಿತು.

ಆ ಮರೆವಿಗೆ ನಾವು ಸಿಟ್ಟಾದದ್ದು ಸರಿಯೇ. ಆದರೆ ಹೊಲಿದವರ ಹೆಸರನ್ನು ನಾವೇ ಎಷ್ಟು ಶತಮಾನ ಕೇಳದೆ ಬಿಟ್ಟಿದ್ದೇವೆ? ಬಾಗಿಲ ಬಳಿಯ ಮೆಟ್ಟಿಗೆ ಎಣ್ಣೆ ಸವರುವಾಗ, ಕಿತ್ತ ಉಂಗುಟವನ್ನು ಹೊಲಿಸಲು ಒಯ್ದಾಗ, ಎದುರಿಗೆ ಕೂತವರ ಹೆಸರನ್ನು ಕೇಳಿ, ಚೌಕಾಸಿಯಿಲ್ಲದೆ ಕೂಲಿ ಕೊಟ್ಟು ಬರೋಣ. ಮೆಟ್ಟಿನ ಆಯುಸ್ಸು ಆ ಕೈಗಳ ಆಯುಸ್ಸಿನಷ್ಟೇ.