ಕೆಟ್ಟ ಉಗುರಿನ ಚರಿತ್ರೆ

ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿಯೇಕೆ ಎಂಬ ಗಾದೆ ನಮ್ಮಲ್ಲಿ ಬಹಳ ಬಳಕೆಯಲ್ಲಿದೆ. ಆದರೆ ರೋಗ ಉಗುರಿಗೇ ಬಂದರೆ? ವೈದ್ಯರು ಎಷ್ಟೋ ಕಾಲ ಅದಕ್ಕೆ ಕೊಡಲಿಯ ಮದ್ದನ್ನೇ ಮಾಡಿದರು. ಕೆಟ್ಟ ಉಗುರನ್ನು ಬುಡಸಹಿತ ಕಿತ್ತುಹಾಕಿದರು. ರೋಗಿ ನೋವನ್ನುಂಡ. ಆ ಜಾಗದಲ್ಲಿ ಬೆಳೆದ ಹೊಸ ಉಗುರು ಅನೇಕ ವೇಳೆ ಹಳೆಯದರ ದಾರಿಯನ್ನೇ ಹಿಡಿಯಿತು. ಕೆಡಿಸುವುದು ಯಾವುದೆಂದು ತಿಳಿಯದೆ ಕೆಟ್ಟದ್ದನ್ನು ಮಾತ್ರ ಕಿತ್ತರೆ ಇನ್ನೇನಾದೀತು?

ರೋಗದ ಲಕ್ಷಣವನ್ನು ವಾಚಕರಲ್ಲಿ ಹಲವರು ಕಂಡೇ ಇರುತ್ತಾರೆ. ಹೆಚ್ಚಾಗಿ ಕಾಲಿನ ಹೆಬ್ಬೆರಳಿನಲ್ಲಿ ಮೊದಲಾಗುತ್ತದೆ. ಉಗುರಿನ ತುದಿಯೋ ಪಕ್ಕವೋ ಹಳದಿಗಟ್ಟುತ್ತದೆ, ದಪ್ಪನಾಗುತ್ತದೆ, ಅಡಿಯಲ್ಲಿ ಹುಡಿ ಸೇರಿಕೊಂಡು ಉಗುರು ಮಾಂಸವನ್ನು ಬಿಟ್ಟು ಮೇಲೇಳುತ್ತದೆ. ಇದು ಉಗುರುಸುತ್ತಲ್ಲ. ಉಗುರುಸುತ್ತು ಉಗುರಿನ ಬುಡದ ಚರ್ಮ ಊದಿಕೊಂಡು ಬರುವ ಬಾಧೆ. ಇದಾದರೋ ಉಗುರಿನೊಳಗೇ ಮನೆಮಾಡುವ ಬೂಷ್ಟು.

ನಮ್ಮ ಪೂರ್ವಿಕರು ಕೆಟ್ಟ ಉಗುರನ್ನು ಗಮನಿಸದೆ ಇರಲಿಲ್ಲ. ಸುಶ್ರುತಸಂಹಿತೆಯ ನಿದಾನಸ್ಥಾನ ಕ್ಷುದ್ರರೋಗಗಳ ಸಾಲಿನಲ್ಲಿ ‘ಕುನಖ’ವನ್ನು ಹೆಸರಿಸುತ್ತದೆ; ಪೆಟ್ಟು ತಗಲಿ ಉಗುರು ಒರಟಾಗಿ ಕಪ್ಪಾಗುವುದನ್ನು ಹೇಳುತ್ತದೆ. ಇದು ವೈದ್ಯನ ಕಣ್ಣು. ಮನುಸ್ಮೃತಿಯ ಕಣ್ಣು ಬೇರೆ. ಅದರ ಹನ್ನೊಂದನೆಯ ಅಧ್ಯಾಯದ ಪ್ರಕಾರ ಚಿನ್ನ ಕದ್ದವನಿಗೆ ಕುನಖ ಬರುತ್ತದೆ. ಮೂರನೆಯ ಅಧ್ಯಾಯದಲ್ಲಿ ಕುನಖಿಯನ್ನು ಶ್ರಾದ್ಧದ ಪಂಕ್ತಿಯಿಂದಲೇ ಹೊರಗಿಡಲಾಗಿದೆ. ಒಂದೇ ಉಗುರು, ಒಬ್ಬರಿಗೆ ರೋಗ, ಇನ್ನೊಬ್ಬರಿಗೆ ಪಾಪದ ಗುರುತು. ಆ ಕಾಲದ ಕುನಖವೆಲ್ಲ ಬೂಷ್ಟಿನಿಂದಲೇ ಬಂದುದೆಂದು ನಾನು ಹೇಳುವುದಿಲ್ಲ. ಆದರೆ ಈ ಎರಡು ಕಣ್ಣುಗಳಲ್ಲಿ ನಮ್ಮ ಮನೆಗಳಲ್ಲಿ ಬಹುಕಾಲ ಉಳಿದದ್ದು ಎರಡನೆಯದೇ.

ನನ್ನ ಸೋದರತ್ತೆಯೊಬ್ಬರು ಹಬ್ಬದ ದಿನ ಅಡಿಗೆಯನ್ನೆಲ್ಲ ತಾವೇ ಮಾಡಿ, ಬಡಿಸುವ ಹೊತ್ತಿಗೆ ಹಿಂದೆ ಸರಿಯುತ್ತಿದ್ದರು. ಅಕ್ಕಿ ತೊಳೆದು, ಪಾತ್ರೆ ಬೆಳಗಿ, ದಿನವೆಲ್ಲ ನೀರಿನಲ್ಲಿ ನೆನೆದ ಕೈ ಅವರದು. ಉಗುರುಗಳು ಕಪ್ಪಿಟ್ಟು ಸೊಟ್ಟಗಾಗಿದ್ದವು. “ಯಾವ ಜನ್ಮದ ಕರ್ಮವೋ!” ಎಂದು ಸೆರಗಿನೊಳಗೆ ಕೈ ಸೇರಿಸಿಕೊಳ್ಳುವರು. ಸದಾ ಒದ್ದೆಯಿರುವ ಬೆರಳುಗಳಲ್ಲಿ ಕ್ಯಾಂಡಿಡಾ ಎಂಬ ಇನ್ನೊಂದು ಜಾತಿಯ ಬೂಷ್ಟು ಸುಲಭವಾಗಿ ನೆಲೆಸುತ್ತದೆಂಬುದು ವೈದ್ಯರಿಗೆ ತಿಳಿದ ಸಂಗತಿ. ಅತ್ತೆಗೆ ಅದನ್ನು ಹೇಳಿದವರಿಲ್ಲ. ದುಡಿಮೆಯ ಗುರುತು ಪಾಪದ ಗುರುತಾಯಿತು.

ಪಾಪದ ಲೆಕ್ಕದಿಂದ ಇಂಥ ರೋಗಗಳನ್ನು ಬಿಡಿಸಿದ ಕಥೆ ಮೊದಲಾಗುವುದು ರೇಷ್ಮೆಹುಳುವಿನಿಂದ. ನಮ್ಮ ರಾಮನಗರ, ಶಿಡ್ಲಘಟ್ಟಗಳ ಕಡೆಯ ರೇಷ್ಮೆ ಬೆಳೆಗಾರರು ಸುಣ್ಣಕಟ್ಟು ರೋಗವನ್ನು ಬಲ್ಲರು. ಸತ್ತ ಹುಳು ಸುಣ್ಣ ಬಳಿದಂತೆ ಬೆಳ್ಳಗೆ ಗಟ್ಟಿಯಾಗುತ್ತದೆ. ಇಟಲಿಯ ಲೋದಿಯ ಅಗೊಸ್ಟಿನೊ ಬಾಸಿ ಈ ಬಿಳುಪನ್ನು ಹಲವು ವರ್ಷ ಪರೀಕ್ಷಿಸಿ, ಅದೊಂದು ಜೀವಂತ ಬೂಷ್ಟು, ಹುಳುವಿನಿಂದ ಹುಳುವಿಗೆ ಹರಡುವಂಥದು ಎಂದು 1835ರಲ್ಲಿ ಪ್ರಕಟಿಸಿದ.

ಹುಳುವಿಗೆ ಆಗುವುದು ಮನುಷ್ಯನಿಗೇಕಾಗಬಾರದು? ತಲೆಯ ಮೇಲೆ ಹಳದಿಯ ಹಕ್ಕಳೆಗಟ್ಟುವ ಒಂದು ರೋಗದಲ್ಲಿ ಬೂಷ್ಟಿದೆಯೆಂದು ಜ್ಯೂರಿಕ್ಕಿನಲ್ಲಿದ್ದ ಶೇನ್‌ಲೈನ್ 1839ರಲ್ಲಿ ಬರೆದ. ರಾಬರ್ಟ್ ರೆಮಾಕ್ ಎಂಬ ಯುವಕ ಅದನ್ನು 1837ರಲ್ಲಿಯೇ ಕಂಡಿದ್ದ. ಮುಂದೆ ಆ ಹಕ್ಕಳೆಯನ್ನು ತನ್ನ ತೋಳಿಗೇ ಅಂಟಿಸಿಕೊಂಡು ರೋಗ ಬರಿಸಿಕೊಂಡ. ಆದರೂ ಬೂಷ್ಟಿಗೆ ಹೆಸರಿಡುವಾಗ ಶೇನ್‌ಲೈನನ ಹೆಸರನ್ನೇ ಇಟ್ಟ. ಪ್ಯಾರಿಸ್ಸಿನಲ್ಲಿ ಡೇವಿಡ್ ಗ್ರುಬಿ ಇವರ ಸುದ್ದಿಯೇ ಇಲ್ಲದೆ 1841ರಲ್ಲಿ ಅದೇ ನಿರ್ಣಯಕ್ಕೆ ಬಂದ. ಉಗುರಿನ ಸರದಿ ಬಂದುದು 1853ರಲ್ಲಿ. ಕೆಟ್ಟ ಉಗುರಿನಲ್ಲಿ ಬೂಷ್ಟಿರುವುದನ್ನು ಜರ್ಮನಿಯ ಮೈಸ್ನರ್ ವರ್ಣಿಸಿದ. ಬಳಿಕ ಪ್ಯಾರಿಸ್ಸಿನ ಸಬೂರೊ ಈ ಬೂಷ್ಟುಗಳನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಿ ಜಾತಿ ವಿಂಗಡಿಸಿದ. ಅವನ ಹೆಸರಿನ ಪೋಷಕವನ್ನು ಪ್ರಯೋಗಶಾಲೆಗಳು ಇಂದಿಗೂ ಬಳಸುತ್ತವೆ.

ಇಂದು ಲೋಕದಲ್ಲಿ ಅತಿ ಹೆಚ್ಚು ಉಗುರುಗಳನ್ನು ಕೆಡಿಸುವ ಬೂಷ್ಟು ಟ್ರೈಕೊಫೈಟನ್ ರೂಬ್ರಂ. ಅದನ್ನು 1910ರಲ್ಲಿ ವರ್ಣಿಸಿದವನು ಕೊಲಂಬೋದಲ್ಲಿ ಕೆಲಸ ಮಾಡುತ್ತಿದ್ದ ಕಾಸ್ಟೆಲಾನಿ. ಏಷ್ಯ, ಆಫ್ರಿಕಗಳ ಬಿಸಿನಾಡುಗಳ ಬರಿಗಾಲಿನ ಜನರಲ್ಲಿ ಅದು ಮೈಯ ಚರ್ಮದಲ್ಲಿ ಹುಳುಕಡ್ಡಿಯಾಗಿತ್ತು. ಸಿಪಾಯಿಗಳು ಮತ್ತು ಪ್ರವಾಸಿಗಳ ಜೊತೆಗೆ ಪಶ್ಚಿಮಕ್ಕೆ ಹೋಗಿ, ಬೂಟಿನೊಳಗಿನ ಬೆವರಿನಲ್ಲಿ ಕಾಲಿನ ರೋಗವಾಯಿತೆಂದು ವಿದ್ವಾಂಸರು ಊಹಿಸುತ್ತಾರೆ. ನಾಗರಿಕತೆಯ ಗುರುತಾದ ಪಾದರಕ್ಷೆ ಪಾದಕ್ಕೆ ಕೊಟ್ಟ ಕಾಣಿಕೆಯಿದು!

ಶತ್ರುವನ್ನು ಕಂಡದ್ದಾಯಿತು, ಅಸ್ತ್ರ ಬರಲು ಮತ್ತೆ ನೂರು ವರ್ಷ ಬೇಕಾಯಿತು. ಹಚ್ಚಿದ ಮುಲಾಮು ಗಟ್ಟಿಯುಗುರಿನೊಳಕ್ಕೆ ಇಳಿಯಲೊಲ್ಲದು. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕೆಂಬಂತೆ, 1939ರಲ್ಲಿ ಲಂಡನ್ನಿನ ರೈಸ್ಟ್ರಿಕ್ ಮತ್ತು ಸಂಗಡಿಗರು ಒಂದು ಬೂಷ್ಟಿನಿಂದಲೇ ಗ್ರೈಸಿಯೋಫಲ್ವಿನ್ ಎಂಬ ವಸ್ತುವನ್ನು ಬೇರ್ಪಡಿಸಿದರು. ಮೊದಲು ಅದನ್ನು ಗಿಡಗಳ ರೋಗಕ್ಕೆ ಬಳಸುವ ಯೋಚನೆ ನಡೆಯಿತು. 1958ರಲ್ಲಿ ಗ್ಲಾಸ್ಗೋದ ಜೆಂಟಲ್ಸ್ ಅದನ್ನು ಗಿನಿ ಇಲಿಗಳಿಗೆ ತಿನ್ನಿಸಿ ಹುಳುಕಡ್ಡಿಯನ್ನು ವಾಸಿಮಾಡಿದ ಮೇಲೆ ಅದು ಮನುಷ್ಯರ ಮದ್ದಾಯಿತು. ಆದರೂ ಕಾಲಿನ ಉಗುರಿಗೆ ವರ್ಷಗಟ್ಟಲೆ ನುಂಗಬೇಕು, ಫಲವೋ ಅನಿಶ್ಚಿತ. ಬ್ರಿಟನ್ನಿನಲ್ಲಿ 1991ರಲ್ಲಿ ಬಂದ ಟರ್ಬಿನಾಫಿನ್ ಆ ಕಾಲವನ್ನು ಕೈಯುಗುರಿಗೆ 6 ವಾರ, ಕಾಲುಗುರಿಗೆ 12 ವಾರಕ್ಕೆ ಇಳಿಸಿತು. ಅದೂ ಎಲ್ಲರನ್ನೂ ವಾಸಿಮಾಡುವುದಿಲ್ಲ. ಯಕೃತ್ತಿನ ಸ್ಥಿತಿ ತಿಳಿದುಕೊಂಡು ವೈದ್ಯರೇ ಕೊಡಬೇಕಾದ ಮದ್ದು.

ಮದ್ದು ನುಂಗಿ ಮುಗಿದ ಕೂಡಲೆ ಉಗುರು ಚೆನ್ನಾಗಿ ಕಾಣುವುದಿಲ್ಲ. ಕೈಯುಗುರು ತಿಂಗಳಿಗೆ ಸುಮಾರು 3 ಮಿಲಿಮೀಟರು ಬೆಳೆದರೆ, ಕಾಲುಗುರು ಅದರ ಅರ್ಧದಷ್ಟೂ ಇಲ್ಲ. ಹೆಬ್ಬೆರಳಿನ ಹಳೆಯ ಉಗುರು ಪೂರ್ತಿ ಸವೆದು ಹೊಸದು ಬರಲು 12ರಿಂದ 18 ತಿಂಗಳು. ಈ ಲೆಕ್ಕ ತಿಳಿಯದೆ ನಡುವೆಯೇ ಮದ್ದು ಬಿಟ್ಟವರು ಎಷ್ಟೋ ಮಂದಿ.

ಇದಕ್ಕಿಂತ ಮುಖ್ಯವಾದುದು ಗುರುತಿಸುವ ಕೆಲಸ. ಕೆಟ್ಟಂತೆ ಕಾಣುವ ಉಗುರುಗಳಲ್ಲಿ ಬೂಷ್ಟಿನವು ಸುಮಾರು ಅರ್ಧ ಮಾತ್ರ. ಉಳಿದವು ಸೋರಿಯಾಸಿಸ್, ಹಳೆಯ ಪೆಟ್ಟು, ಬಿಗಿಯಾದ ಪಾದರಕ್ಷೆಗಳ ಫಲ. ಉಗುರಿನ ಚೂರನ್ನು ಪೊಟ್ಯಾಸಿಯಂ ಹೈಡ್ರಾಕ್ಸೈಡಿನಲ್ಲಿ ಮೆದುಮಾಡಿ ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಬೂಷ್ಟಿನ ಎಳೆಗಳು ಕಾಣುತ್ತವೆ; ಬೆಳೆಸಿ ನೋಡಲು ಕೆಲವು ವಾರ ಹಿಡಿಯುತ್ತದೆ. ನಮ್ಮಲ್ಲಿ ಈ ಚಿಕ್ಕ ಪರೀಕ್ಷೆಯನ್ನು ಬಿಟ್ಟು ಅಂಗಡಿಯ ಮುಲಾಮಿಗೆ ಕೈಚಾಚುವವರೇ ಬಹಳ. ಸ್ಟಿರಾಯ್ಡ್ ಬೆರೆತ ಮುಲಾಮುಗಳನ್ನು ಹೀಗೆ ಮನಬಂದಂತೆ ಬಳಸಿದ್ದೂ ಒಂದು ಕಾರಣವಾಗಿ, ಟರ್ಬಿನಾಫಿನ್ನಿಗೆ ಅನೇಕ ವೇಳೆ ಬಗ್ಗದ ಹುಳುಕಡ್ಡಿಯ ಬೂಷ್ಟೊಂದು ನಮ್ಮ ದೇಶದಲ್ಲಿ ಹರಡಿದೆಯೆಂದು ತಜ್ಞರು ಹೇಳುತ್ತಾರೆ. 2020ರಲ್ಲಿ ಅದಕ್ಕೆ ಟ್ರೈಕೊಫೈಟನ್ ಇಂಡೊಟಿನಿಯೆ ಎಂದು ಹೆಸರಾಯಿತು. ಹೆಸರಿನಲ್ಲಿ ನಮ್ಮ ದೇಶವಿದೆ, ಹೆಮ್ಮೆಪಡುವಂತಿಲ್ಲ.

ಮಧುಮೇಹವುಳ್ಳವರಂತೂ ಈ ಉಗುರನ್ನು ಅಲಕ್ಷಿಸಬಾರದು. ದಪ್ಪನಾದ ಉಗುರು ಒತ್ತಿ ಆದ ಗಾಯ ಅವರಿಗೆ ತಿಳಿಯದೆಯೇ ಹುಣ್ಣಾಗಬಹುದು. ಉಳಿದವರಿಗೂ ಹೇಳಬೇಕಾದ್ದು ಇಷ್ಟೆ: ಕಾಲನ್ನು ಒಣಗಿಸಿಟ್ಟುಕೊಳ್ಳಿ, ಉಗುರುಕತ್ತರಿಯನ್ನು ಹಂಚಿಕೊಳ್ಳಬೇಡಿ, ಉಗುರು ಕೆಟ್ಟರೆ ಸೆರಗಿನಲ್ಲೋ ಬೂಟಿನಲ್ಲೋ ಮುಚ್ಚಿಡದೆ ವೈದ್ಯರಿಗೆ ತೋರಿಸಿ. ಅದನ್ನು ಕಂಡು ನಾಚುವುದಕ್ಕೆ ಇದ್ದ ಕಾರಣ 1853ರಲ್ಲಿಯೇ ಸೂಕ್ಷ್ಮದರ್ಶಕದ ಕೆಳಗೆ ಮುಗಿದುಹೋಯಿತು.